ಇಂಗು ತಿಂದ ಮಂಗ

ಇಂಗು ತಿಂದ ಮಂಗನ ಪಾಡು ಹೇಗಿರುತ್ತದೆಂಬುದನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೆ ನಾನು ಮೇಷ್ಟರಾಗಿದ್ದ ಮಲೆನಾಡಿನ ಹೈಸ್ಕೂಲೊಂದರ ಉಪಾಧ್ಯಾಯರ ಕೊಠಡಿಯಲ್ಲಿ ಆ ಮಾತಿಗೆ ನಾವೊಂದು ವಿಶೇಷಾರ್ಥವನ್ನು ಕಲ್ಪಿಸಿಕೊಂಡಿದ್ದೆವು. ಇಂಗ್ಲಿಷ್ ವಾಕ್ಯ ಬರೆಯುವಾಗ ಬೇಕಾದ ಕಡೆ ಬೇಡವಾದ ಕಡೆ ಕ್ರಿಯಾಪದಕ್ಕೆ ‘ಇಂಗ್’ ಎಂಬ ಬಾಲವನ್ನು ಅಂಟಿಸುವ ಹುಡುಗನಿಗೆ ನಮ್ಮಲ್ಲಿ ಆ ಹೆಸರು. ‘ಐ ಆ್ಯಮ್ ನೋಯಿಂಗ್’, ‘ಹಿ ಈಸ್ ಹ್ಯಾವಿಂಗ್ ಟು ಬ್ರದರ್ಸ್’, ‘ವಿ ಆರ್ ವಾಂಟಿಂಗ್ ಲೀವ್’ — ಇಂಥ ವಾಕ್ಯ ಕಣ್ಣಿಗೆ ಬಿದ್ದಾಗಲೆಲ್ಲ ಉತ್ತರಪತ್ರಿಕೆಯನ್ನು ಪಕ್ಕದವರತ್ತ ಸರಿಸಿ, “ನೋಡಿ ಸ್ವಾಮಿ, ಇನ್ನೊಂದು ಮಂಗ ಇಂಗು ತಿಂದಿದೆ” ಎಂದು ನಗುತ್ತಿದ್ದೆವು. ಸಂಬಳ ಕಡಿಮೆಯಿದ್ದ ಕಾಲ. ನಗುವುದಕ್ಕೆ ಇಂಥವೇ ಸಿಗುತ್ತಿದ್ದವು.

1978ನೆಯ ಇಸವಿಯ ಆಷಾಢ ಮಾಸ. ಹೊರಗೆ ಹಗಲಿರುಳೆನ್ನದೆ ಮಳೆ ಹೊಯ್ಯುತ್ತಿತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮಧ್ಯಾಹ್ನದ ಹೊತ್ತಿಗೆ ರಜಾ ಚೀಟಿ ಹಿಡಿದು ನನ್ನ ಮೇಜಿನ ಮುಂದೆ ಬಂದು ನಿಂತ. ‘ಆ್ಯಸ್ ಐ ಆ್ಯಮ್ ಹ್ಯಾವಿಂಗ್ ಫೀವರ್’ ಎಂದು ಬರೆದಿದ್ದ. ನಾನು ಹುಡುಗನ ಮುಖ ನೋಡಲಿಲ್ಲ; ಚೀಟಿಯನ್ನು ನೋಡಿದೆ. ಕೆಂಪು ಮಸಿಯಲ್ಲಿ ‘ಹ್ಯಾವಿಂಗ್’ ಎಂಬುದರ ಸುತ್ತ ಒಂದು ಸೊನ್ನೆ ಎಳೆದು, “ಏನಯ್ಯಾ, ಹೋದ ವಾರವಷ್ಟೇ ಹೇಳಿಕೊಟ್ಟಿದ್ದೆನಲ್ಲ! ‘ಸಫರಿಂಗ್ ಫ್ರಮ್’ ಅಂತ ಬರಕೊಂಡು ಬಾ” ಎಂದು ಹಿಂದಕ್ಕೆ ಕೊಟ್ಟೆ. ಎರಡನೆಯ ಸಲ ತಂದಾಗ ‘ಸಫರಿಂಗ್’ ಎಂಬಲ್ಲಿ ಒಂದೇ ‘ಎಫ್’ ಇತ್ತು. ಮತ್ತೆ ಕಳಿಸಿದೆ. ಮೂರನೆಯದು ತಪ್ಪಿಲ್ಲದೆ ಬಂತು, ರುಜು ಹಾಕಿದೆ. ಹುಡುಗ ಕೊಡೆ ಬಿಚ್ಚಿಕೊಂಡು ಹೊರಟ. ಅವನ ಹಳ್ಳಿಗೆ ಮೂರು ಮೈಲಿ ನಡೆಯಬೇಕು. ದಾರಿಯಲ್ಲಿ ಸಾಮಿಲ್ಲಿನ ಹತ್ತಿರ ಕುಸಿದು ಬಿದ್ದವನನ್ನು ಗಾಡಿಯವರು ಯಾರೋ ಎತ್ತಿ ಹಾಕಿಕೊಂಡು ಹೋದರೆಂದು ಮಾರನೆಯ ದಿನ ತಿಳಿಯಿತು. ವಿಷಮಶೀತ ಜ್ವರ. ಮೂರು ವಾರ ಆಸ್ಪತ್ರೆಯಲ್ಲಿ ಮಲಗಿ ಎದ್ದ.

ಹುಡುಗ ಬದುಕಿಕೊಂಡನೆಂಬುದನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ವಾಚಕರು ಕಳವಳಪಡಬೇಕಾದ್ದಿಲ್ಲ. ನನ್ನ ಕಳವಳ ಬೇರೆ. ಅವನನ್ನು ನೋಡಲು ಹೋಗಿ ಬಂದ ರಾತ್ರಿ ನನಗೊಂದು ಪ್ರಶ್ನೆ ಹುಟ್ಟಿತು. ‘ಸಫರಿಂಗ್’ ಆದರೆ ಸರಿ, ‘ಹ್ಯಾವಿಂಗ್’ ಆದರೆ ತಪ್ಪು — ಯಾಕೆ? ಜ್ವರ ಅದೇ, ಮೈ ಅದೇ, ಬಾಲವೂ ಅದೇ. ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿದ್ದು, ಆಮೇಲೆ ‘ಬೋ ಜೆಸ್ಟ್’ ಎಂಬ ಸಾಹಸದ ಕಾದಂಬರಿ ಬರೆದು ಹೆಸರು ಮಾಡಿದ ರೆನ್ ಸಾಹೇಬರೂ ಅವರ ಜೊತೆಗಾರ ಮಾರ್ಟಿನ್ನರೂ ಸೇರಿ ಬರೆದ ವ್ಯಾಕರಣವೇ ಆಗ ನಮ್ಮ ಪಾಲಿನ ಧರ್ಮಶಾಸ್ತ್ರ. ಅದನ್ನು ತೆಗೆದು ನೋಡಿದರೆ ಕೆಲವು ಕ್ರಿಯಾಪದಗಳನ್ನು ಸಾಮಾನ್ಯವಾಗಿ ಈ ರೂಪದಲ್ಲಿ ಬಳಸುವುದಿಲ್ಲವೆಂದು ಒಂದು ಪಟ್ಟಿ ಇತ್ತು. ನನಗೆ ಬೇಕಾಗಿದ್ದ ಕಾರಣ ಅದರಲ್ಲಿ ಸಿಗಲಿಲ್ಲ. ಕಾರಣ ಗೊತ್ತಿಲ್ಲದ ಒಂದು ಕಟ್ಟಳೆಗಾಗಿ ಜ್ವರದಲ್ಲಿ ಸುಡುತ್ತಿದ್ದ ಹುಡುಗನನ್ನು ಮೂರು ಸಲ ಬರೆಸಿದ್ದೆ.

ಅಂದಿನಿಂದ ‘ಇಂಗ್’ ಪ್ರತ್ಯಯದ ಪೂರ್ವೋತ್ತರವನ್ನು ಕೆದಕುವ ಚಾಳಿ ನನಗೆ ಹತ್ತಿತು. ರಜೆಯಲ್ಲಿ ಬೆಂಗಳೂರಿಗೆ ಹೋದಾಗಲೆಲ್ಲ ಗ್ರಂಥಾಲಯಗಳಲ್ಲಿ ಕುಳಿತು ಓದಿದೆ. ಓದಿದ್ದರಲ್ಲಿ ಸ್ವಲ್ಪವನ್ನು ಇಲ್ಲಿ ಹೇಳುತ್ತೇನೆ.

ಸಾವಿರ ವರ್ಷಕ್ಕೆ ಹಿಂದಿನ ಇಂಗ್ಲಿಷಿನಲ್ಲಿ ಈ ‘ಇಂಗ್’ನ ಜಾಗದಲ್ಲಿ ಎರಡು ಬೇರೆ ಬೇರೆ ಪ್ರತ್ಯಯಗಳಿದ್ದವು. ಒಂದು ‘ಎಂದೆ’. ಇದು ಕೃದಂತ, ನಮ್ಮ ‘ಹೋಗುತ್ತ’, ‘ಮಾಡುತ್ತ’ ಎಂಬಲ್ಲಿಯ ‘ಉತ್ತ’ ಇದ್ದ ಹಾಗೆ. ‘ಇರು’ ಎಂಬರ್ಥದ ಧಾತುವಿನ ಮುಂದೆ ಇದನ್ನಿಟ್ಟು ‘ಹೋರಾಡುತ್ತ ಇದ್ದರು’ ಎಂದು ಹೇಳುವ ರೂಢಿ ಒಂಬತ್ತನೆಯ ಶತಮಾನದ ಆಲ್‌ಫ್ರೆಡ್ ದೊರೆಯ ಕಾಲದ ಗದ್ಯದಲ್ಲಿಯೇ ಧಾರಾಳವಾಗಿ ಕಾಣುತ್ತದೆ. ಇನ್ನೊಂದು ‘ಉಂಗ್’. ಇದು ಭಾವನಾಮದ ಪ್ರತ್ಯಯ. ‘ಬೇಟೆ’, ‘ಓದುವಿಕೆ’ ಎಂಬಂಥ ನಾಮಪದಗಳನ್ನು ಮಾಡುವುದು. ಇದರ ಹಿಂದೆ ‘ಆನ್’ ಎಂಬ ಉಪಪದವನ್ನು ಸೇರಿಸಿ ‘ಬೇಟೆಯಲ್ಲಿದ್ದಾನೆ’ ಎಂದು ಹೇಳುತ್ತಿದ್ದರು. ಕಾಲಕ್ರಮದಲ್ಲಿ ಈ ‘ಆನ್’ ಸವೆದು ಬರಿಯ ‘ಅ’ ಆಯಿತು. ‘ಅ-ಹಂಟಿಂಗ್’, ‘ಅ-ಬಿಲ್ಡಿಂಗ್’ ಎಂಬ ರೂಪಗಳು ಹುಟ್ಟಿದವು. ‘ಅಸ್ಲೀಪ್’, ‘ಅಲೈವ್’ ಎಂಬ ಪದಗಳ ತಲೆಯ ಮೇಲೆ ಇಂದಿಗೂ ಕುಳಿತಿರುವ ‘ಅ’ ಅದೇ ಹಳೆಯ ‘ಆನ್’. ಅಮೆರಿಕದ ಅಪಲೇಚಿಯ ಬೆಟ್ಟಸೀಮೆಯ ಹಳಬರು ಮೊನ್ನೆಮೊನ್ನೆಯವರೆಗೂ ‘ಅ-ಗೋಯಿಂಗ್’ ಎನ್ನುವುದನ್ನು ಬಿಟ್ಟಿರಲಿಲ್ಲ. ಮುಂದೆ ಎರಡು ಪ್ರತ್ಯಯಗಳೂ ಉಚ್ಚಾರಣೆಯಲ್ಲಿ ಒಂದರೊಳಗೊಂದು ಕರಗಿ ‘ಇಂಗ್’ ಒಂದೇ ಉಳಿಯಿತು. ಇಂದಿನ ‘ಈಸ್ ಗೋಯಿಂಗ್’ ಎಂಬುದರಲ್ಲಿ ಯಾವ ತಾಯಿಯ ಪಾಲು ಎಷ್ಟು ಎಂಬ ವಿಷಯದಲ್ಲಿ ವಿದ್ವಾಂಸರ ವ್ಯಾಜ್ಯ ಇನ್ನೂ ತೀರಿಲ್ಲ.

ಕನ್ನಡಿಗನಿಗೆ ಇದನ್ನು ವಿವರಿಸುವುದು ಬಹಳ ಸುಲಭ. ಏಕೆಂದರೆ ಈ ಎರಡು ದಾರಿಗಳೂ ನಮ್ಮ ಮನೆಯಲ್ಲಿ ಇನ್ನೂ ನಡೆದಾಡುವ ದಾರಿಗಳೇ. “ರಾಯರು ಊಟ ಮಾಡುತ್ತ ಇದ್ದಾರೆ” ಎನ್ನುತ್ತೇವೆ. “ರಾಯರು ಊಟದಲ್ಲಿದ್ದಾರೆ” ಎಂದೂ ಎನ್ನುತ್ತೇವೆ. ಬಾಗಿಲು ತಟ್ಟಿದವನಿಗೆ “ಪೂಜೆಯಲ್ಲಿದ್ದಾರೆ, ಆಮೇಲೆ ಬನ್ನಿ” ಎಂದು ಹೇಳಿಕಳಿಸುವ ಗೃಹಿಣಿ ಸಾವಿರ ವರ್ಷದ ಹಿಂದಿನ ಇಂಗ್ಲಿಷಿನವನ ‘ಬೇಟೆಯಲ್ಲಿದ್ದಾನೆ’ ಎಂಬ ಅಚ್ಚಿನಲ್ಲಿಯೇ ಮಾತನಾಡುತ್ತಾಳೆ. ನಾನು ಮೂವತ್ತು ವರ್ಷ ಮೇಷ್ಟರಾಗಿದ್ದು ಇದನ್ನು ಒಂದು ತರಗತಿಗೂ ಹೇಳಿಕೊಡಲಿಲ್ಲವಲ್ಲ ಎಂಬುದು ಈಗಿನ ಕೊರಗು.

ರೂಪವೇನೋ ಹಳೆಯದು, ಅದನ್ನು ಬಳಸಲೇಬೇಕೆಂಬ ಕಟ್ಟು ಮಾತ್ರ ಈಚಿನದು. ಷೇಕ್ಸ್‌ಪಿಯರನ ನಾಟಕದಲ್ಲಿ ಪುಸ್ತಕ ಹಿಡಿದು ಬರುವ ಹ್ಯಾಮ್ಲೆಟ್ಟನನ್ನು ಪೊಲೋನಿಯಸ್ ‘ಏನು ಓದುತ್ತಿದ್ದೀರಿ’ ಎಂದು ಕೇಳುವ ಕಡೆ ‘ಇಂಗ್’ ಇಲ್ಲ. ಬರಿಯ ‘ರೀಡ್’ ಇದೆ. ನನ್ನ ತರಗತಿಯಲ್ಲಿ ಆ ಮುದುಕ ಹಾಗೆ ಕೇಳಿದ್ದರೆ ಅರ್ಧ ಅಂಕ ಹೋಗುತ್ತಿತ್ತು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಓದಿದವರೆಲ್ಲರೂ ಕರ್ತರಿಯನ್ನು ಕರ್ಮಣಿಗೆ ತಿರುಗಿಸುವ ‘ವಾಯ್ಸ್ ಬದಲಿಸಿ’ ಎಂಬ ಪ್ರಶ್ನೆಗೆ ಉತ್ತರ ಬರೆದವರೇ. ‘ದೇ ಆರ್ ಬಿಲ್ಡಿಂಗ್ ಎ ಹೌಸ್’ ಎಂದು ಕೊಟ್ಟರೆ ‘ಎ ಹೌಸ್ ಈಸ್ ಬೀಯಿಂಗ್ ಬಿಲ್ಟ್’ ಎಂದು ಬರೆಯಬೇಕು. ‘ಬೀಯಿಂಗ್’ ಬಿಟ್ಟರೆ ಅಂಕವಿಲ್ಲ. ನಾನು ಈ ‘ಬೀಯಿಂಗ್’ನ್ನು ಬೆತ್ತದ ತುದಿಯಲ್ಲಿ ಕಲಿಸಿದವನು. ಅದು ಆಲ್‌ಫ್ರೆಡ್ ದೊರೆಯ ಕಾಲದಿಂದ ಬಂದ ಶುದ್ಧ ಶಾಸನವೆಂದೇ ನಂಬಿದ್ದೆ. ಓದುತ್ತ ಹೋದಾಗ ತಿಳಿದದ್ದೇನೆಂದರೆ, ಇಂಗ್ಲಿಷಿನಲ್ಲಿ ಇಂಗು ತಿಂದ ಮಂಗವೆಂದು ಅತಿ ಹೆಚ್ಚು ಬೈಗುಳ ತಿಂದ ಪ್ರಯೋಗ ಇದೇ!

ಹದಿನೆಂಟನೆಯ ಶತಮಾನದವರೆಗೂ ಇಂಗ್ಲಿಷರು ‘ಮನೆಯನ್ನು ಕಟ್ಟುತ್ತಿದ್ದಾರೆ’ ಎಂಬ ಅರ್ಥಕ್ಕೆ ‘ದಿ ಹೌಸ್ ಈಸ್ ಬಿಲ್ಡಿಂಗ್’ ಎನ್ನುತ್ತಿದ್ದರು. ಮಾತಿಗೆ ಮಾತು ಹಿಡಿದರೆ ‘ಮನೆ ಕಟ್ಟುತ್ತಿದೆ’. ಮನೆಯೇ ಕರಣೆ ಹಿಡಿದು ನಿಂತ ಹಾಗೆ. ಆದರೆ ಇದರಲ್ಲಿ ಅಸಂಬದ್ಧವೇನೂ ಇರಲಿಲ್ಲ. ಇದು ‘ಇನ್ ಬಿಲ್ಡಿಂಗ್’, ಅಂದರೆ ‘ಕಟ್ಟುವಿಕೆಯಲ್ಲಿದೆ’ ಎಂಬುದರ ಸವೆದ ರೂಪ; ಊಟದಲ್ಲಿರುವ ರಾಯರ ಬಂಧು. 1611ರ ಬೈಬಲಿನಲ್ಲಿ ಜೆರುಸಲೇಮಿನ ದೇವಾಲಯಕ್ಕೆ ಈ ‘ಇನ್ ಬಿಲ್ಡಿಂಗ್’ ಪ್ರಯೋಗ ಬಂದಿದೆ. ಮುಂದೆ ಉಪಪದ ಉದುರಿಹೋಗಿ ಮನೆ ತಾನೇ ಕಟ್ಟತೊಡಗಿತು, ಪುಸ್ತಕ ತಾನೇ ಅಚ್ಚು ಹಾಕತೊಡಗಿತು. ಮಹಾಪಂಡಿತ ಸಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿಗೆ ಸೇರಿಸಿದ ವ್ಯಾಕರಣದಲ್ಲಿ, ‘ವ್ಯಾಕರಣ ಈಗ ಪ್ರಿಂಟಿಂಗ್’ ಎಂಬಂಥ ಮಾತು ದುಷ್ಟಪ್ರಯೋಗವೆಂದೂ, ‘ಅ-ಪ್ರಿಂಟಿಂಗ್’ ಎಂಬ ಇದಕ್ಕಿಂತ ಶುದ್ಧವಾದ ಹಳೆಯ ರೂಪ ಕೆಟ್ಟು ಹೀಗಾಗಿರಬೇಕೆಂದೂ ಮೂಗು ಮುರಿದ. ಅವನ ಮೂಗನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಜೇನ್ ಆಸ್ಟಿನ್ನಳ ‘ನಾರ್ತಾಂಗರ್ ಅಬೆ’ ಕಾದಂಬರಿಯಲ್ಲಿ ಪ್ರಯಾಣದ ಪೆಟ್ಟಿಗೆಗಳನ್ನು ಆಳುಗಳು ಕೆಳಗೆ ಸಾಗಿಸುತ್ತಿರುವಾಗ, ವಾಕ್ಯದ ಪ್ರಕಾರ ಪೆಟ್ಟಿಗೆಗಳೇ ಸಾಗಿಸುತ್ತಿವೆ.

ಇಷ್ಟರಲ್ಲಿ ಹೊಸ ಪ್ರಯೋಗವೊಂದು ಕದ್ದು ಒಳಗೆ ಬಂತು. 1770ರ ಸುಮಾರಿನ ಖಾಸಗಿ ಕಾಗದಗಳಲ್ಲಿ ಅಲ್ಲೊಂದು ಇಲ್ಲೊಂದು ‘ವಾಸ್ ಬೀಯಿಂಗ್’ ತಲೆಹಾಕಿತು. ಮುಂದೆ ಆಸ್ಥಾನಕವಿಯಾದ ರಾಬರ್ಟ್ ಸದೆ 1795ರಲ್ಲಿ ಗೆಳೆಯನಿಗೆ ಬರೆದ ಕಾಗದವೊಂದರಲ್ಲಿ, ಒರಟು ಕೈಯ ಕ್ಷೌರಿಕನೊಬ್ಬನಿಂದ ದವಡೆಹಲ್ಲನ್ನು ಬೇರುಸಹಿತ ಕೀಳಿಸಿಕೊಳ್ಳುತ್ತಿರುವವನ ಅವಸ್ಥೆಯನ್ನು ತಮಾಷೆಗಾಗಿ ವರ್ಣಿಸುತ್ತಾನೆ. ಅಲ್ಲಿ ‘ಈಸ್ ಬೀಯಿಂಗ್’ ಬರುತ್ತದೆ. ಬಾರದೆ ಉಪಾಯವೇ ಇರಲಿಲ್ಲ. ಹಳೆಯ ರೀತಿಯಲ್ಲಿ ಬರೆದಿದ್ದರೆ ಹಲ್ಲೇ ಏನನ್ನೋ ಕೀಳುತ್ತಿದೆ ಎಂದಾಗಿಬಿಡುತ್ತಿತ್ತು. ಮನೆ ಕಟ್ಟುತ್ತಿದೆ ಎಂದರೆ ಯಾರೂ ಮೋಸಹೋಗುವುದಿಲ್ಲ, ಮನೆಗೆ ಕೈಯಿಲ್ಲ. ಆದರೆ ‘ಹುಡುಗ ಹೊಡೆಯುತ್ತಿದ್ದಾನೆ’ ಎಂದರೆ ಹೊಡೆಯುವವನು ಯಾರು, ತಿನ್ನುವವನು ಯಾರು? ಜೀವವಿದ್ದವರ ಮಾತು ಬಂದ ಕಡೆ ಹಳೆಯ ರೂಪ ಸೋತಿತು. ಹೊಸದು ಆ ಸಂದಿಯಲ್ಲಿ ಬೇರು ಬಿಟ್ಟಿತು.

ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಅದು ವೃತ್ತಪತ್ರಿಕೆಗಳಲ್ಲಿ ತುಂಬಿಕೊಂಡಿತು. ಆಗ ಪಂಡಿತರು ಎಚ್ಚೆತ್ತರು. ಜಾರ್ಜ್ ಪರ್ಕಿನ್ಸ್ ಮಾರ್ಷ್ ಎಂಬ ಅಮೆರಿಕದ ವಿದ್ವಾಂಸ 1860ರಲ್ಲಿ ಅಚ್ಚಾದ ತನ್ನ ಇಂಗ್ಲಿಷ್ ಭಾಷೆಯ ಉಪನ್ಯಾಸಗಳಲ್ಲಿ ಇದನ್ನು ಒಡ್ಡೊಡ್ಡಾದ ಹೊಸ ಹುಟ್ಟೆಂದು ತಳ್ಳಿಹಾಕಿದ. ಕಾಡು ಕಡಿದರೆ ನೆಲ ಸಾಯುತ್ತದೆಂದು 1864ರಲ್ಲೇ ದೊಡ್ಡ ಗ್ರಂಥ ಬರೆದು ಲೋಕಕ್ಕೆ ಎಚ್ಚರ ಹೇಳಿದ ದೂರದರ್ಶಿ ಈತ. ಆದರೆ ವ್ಯಾಕರಣದಲ್ಲಿ ಹೊಸ ಸಸಿಯೊಂದು ಏಳುವುದನ್ನು ಆತ ಸಹಿಸಲಿಲ್ಲ. ಅವನಿಗಿಂತ ಉಗ್ರನಾದವನು ನ್ಯೂಯಾರ್ಕಿನ ರಿಚರ್ಡ್ ಗ್ರಾಂಟ್ ವೈಟ್. 1870ರ ತನ್ನ ಪುಸ್ತಕದಲ್ಲಿ ಇದೊಂದೇ ಪ್ರಯೋಗದ ಖಂಡನೆಗೆ ಒಂದು ಅಧ್ಯಾಯವನ್ನು ಮೀಸಲಿಟ್ಟ. ಅವನ ವಾದ ಕೇಳಲು ಬಲು ಚಂದ: ‘ಈಸ್’ ಎಂದರೂ ಇರುವುದು, ‘ಬೀಯಿಂಗ್’ ಎಂದರೂ ಇರುವುದು, ಇರುವುದು ಇರುವುದೆಂದು ಎರಡು ಸಲ ಹೇಳಿದರೆ ಅರ್ಥವೇನು ಬಂತು? ಕನ್ನಡ ಬಲ್ಲವರು ಹೇಳಬಹುದು: ನಮ್ಮ ‘ಇರುತ್ತಿದ್ದ’ ಎಂಬ ಪದವನ್ನು ಬಿಡಿಸಿದರೆ ‘ಇರುತ್ತ’, ‘ಇದ್ದ’ — ಇರುವುದು ಎರಡು ಸಲ. “ಅಜ್ಜ ಇದೇ ಮನೆಯಲ್ಲಿ ಇರುತ್ತಿದ್ದ” ಎಂದರೆ ಅಜ್ಜನ ಅಸ್ತಿತ್ವಕ್ಕೇನೂ ಧಕ್ಕೆ ಬರುವುದಿಲ್ಲ. ಒಂದು ‘ಇರು’ ಧಾತು, ಇನ್ನೊಂದು ಬರಿಯ ಊರುಗೋಲು. ವೈಟನಿಗೆ ಈ ಊರುಗೋಲು ಕಾಣಲಿಲ್ಲ. ತಮಾಷೆಯೇನೆಂದರೆ, ಈ ವೈಟನ ಮಗ ಸ್ಟ್ಯಾನ್‌ಫರ್ಡ್ ವೈಟ್ ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿಯಾದ. 1892ರಲ್ಲಿ ಮುಗಿದ ನ್ಯೂಯಾರ್ಕಿನ ವಾಷಿಂಗ್‌ಟನ್ ಚೌಕದ ಕಮಾನು ಅವನದೇ ಕಲ್ಪನೆ. ಮಗ ಕಟ್ಟಿಸುತ್ತಿದ್ದ ಕಟ್ಟಡಗಳನ್ನು ತಂದೆ ಯಾವ ಪ್ರಯೋಗದಲ್ಲಿ ಹೇಳುತ್ತಿದ್ದನೋ!

ವೈಟನಿಗೆ ಉತ್ತರ ಕೊಡಲು ಎದ್ದು ನಿಂತವನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಈ ಇಡೀ ಪ್ರಕರಣದಲ್ಲಿ ನನ್ನ ಮನಸ್ಸನ್ನು ಹಿಡಿದವನು ಅವನೇ.

ಫಿಟ್ಸ್‌ಎಡ್ವರ್ಡ್ ಹಾಲ್ ಹುಟ್ಟಿದ್ದು 1825ರಲ್ಲಿ, ನ್ಯೂಯಾರ್ಕ್ ಸಂಸ್ಥಾನದ ಟ್ರಾಯ್ ಪಟ್ಟಣದಲ್ಲಿ. ಹಾರ್ವರ್ಡಿನಲ್ಲಿ ಓದುತ್ತಿದ್ದಾಗ ಮನೆ ಬಿಟ್ಟು ಓಡಿಹೋದ ತಮ್ಮನನ್ನು ಹುಡುಕಿಕೊಂಡು ಬಾ ಎಂದು ಮನೆಯವರು 1846ರಲ್ಲಿ ಅವನನ್ನು ಹಡಗು ಹತ್ತಿಸಿ ಹಿಂದೂಸ್ತಾನದ ಕಡೆಗೆ ಕಳಿಸಿದರು. ಹಡಗು ಗಂಗೆಯ ಮುಖದ ಹತ್ತಿರ ಒಡೆಯಿತು. ಬದುಕಿ ದಡ ಸೇರಿದವನು ಹಿಂದಿರುಗುವ ಬದಲು ಇಲ್ಲಿಯ ಭಾಷೆಗಳನ್ನು ಕಲಿಯಲು ಕುಳಿತ. 1850ರಲ್ಲಿ ಕಾಶಿಯ ಸಂಸ್ಕೃತ ಕಾಲೇಜು ಸೇರಿ, 1853ರಲ್ಲಿ ಅಲ್ಲಿ ಸಂಸ್ಕೃತ ಮತ್ತು ಇಂಗ್ಲಿಷಿನ ಪ್ರಾಧ್ಯಾಪಕನಾದ. ಸಂಸ್ಕೃತ ಗ್ರಂಥವನ್ನು ಸಂಪಾದಿಸಿದ ಮೊದಲ ಅಮೆರಿಕನ್ನನೆಂಬ ಕೀರ್ತಿ ಅವನದು. 1857ರ ದಂಗೆಯ ಕಾಲದಲ್ಲಿ ಏಳು ತಿಂಗಳು ಸಾಗರದ ಕೋಟೆಯೊಳಗೆ ಸಿಕ್ಕಿಬಿದ್ದಿದ್ದ. ಇದು ಮಧ್ಯಪ್ರದೇಶದ ಸಾಗರ, ನಮ್ಮ ಶಿವಮೊಗ್ಗ ಜಿಲ್ಲೆಯದಲ್ಲ. 1862ರಲ್ಲಿ ಲಂಡನ್ನಿಗೆ ಹೋಗಿ ಕಿಂಗ್ಸ್ ಕಾಲೇಜಿನಲ್ಲಿ ಸಂಸ್ಕೃತದ ಪೀಠವನ್ನು ವಹಿಸಿಕೊಂಡ. ವಿಷ್ಣುಪುರಾಣದ ವಿಲ್ಸನ್ ಅನುವಾದವನ್ನು ಪರಿಷ್ಕರಿಸಿದ. ಪಂಡಿತರ ಕೂಟದಲ್ಲಿ ಜಗಳವಾಗಿ, 1869ರಲ್ಲಿ ಎಲ್ಲವನ್ನೂ ಬಿಟ್ಟು ಸಫೋಕ್ ಪ್ರಾಂತದ ಮಾರ್ಲ್ಸ್‌ಫರ್ಡ್ ಎಂಬ ಹಳ್ಳಿಗೆ ಹೋಗಿ ಒಂಟಿಯಾಗಿ ನೆಲೆಸಿದ.

ಆ ಹಳ್ಳಿಯಿಂದ ಅವನು 1872ರಲ್ಲೊಂದು, 1873ರಲ್ಲೊಂದು ಪುಸ್ತಕವನ್ನು ಬರೆದು ವೈಟನ ಪಕ್ಷವನ್ನು ಅಟ್ಟಾಡಿಸಿದ. ಅವನ ಅಸ್ತ್ರ ತರ್ಕವಲ್ಲ, ದಾಖಲೆ. ‘ಈಸ್ ಬೀಯಿಂಗ್’ ನಿನ್ನೆಯ ಪತ್ರಿಕೆಯವರು ಹುಟ್ಟಿಸಿದ್ದಲ್ಲ. ಸದೆ ಬರೆದಿದ್ದಾನೆ, ಕೋಲ್‌ರಿಜ್ ಬರೆದಿದ್ದಾನೆ, ಲ್ಯಾಂಬ್ ಬರೆದಿದ್ದಾನೆ ಎಂದು ಒಂದೊಂದೇ ಪ್ರಯೋಗವನ್ನು ಹೆಕ್ಕಿ ಪುಟಗಟ್ಟಲೆ ಮುಂದಿಟ್ಟ. ಹಲ್ಲು ಕೀಳುವ ಕ್ಷೌರಿಕನ ಕಾಗದ ವಾದದೊಳಗೆ ಬಂದದ್ದೂ ಅವನಿಂದಲೇ. ಭಾಷೆ ಹೇಗಿರಬೇಕೆಂದು ಕೋಣೆಯಲ್ಲಿ ಕುಳಿತು ತೀರ್ಮಾನಿಸುವುದಲ್ಲ, ಒಳ್ಳೆಯ ಲೇಖಕರು ಹೇಗೆ ಬಳಸಿದ್ದಾರೆಂದು ಹೋಗಿ ನೋಡುವುದು — ಇದು ಅವನ ಪದ್ಧತಿ. ಮುಂದೆ ಆಕ್ಸ್‌ಫರ್ಡ್ ನಿಘಂಟಿನ ಕೆಲಸ ನಡೆದಾಗ ಸುಮಾರು ಇಪ್ಪತ್ತು ವರ್ಷ ಪ್ರತಿದಿನ ನಾಲ್ಕು ಗಂಟೆ ಅದರ ಕರಡಚ್ಚುಗಳನ್ನು ತಿದ್ದಿ, ಪ್ರಯೋಗಗಳನ್ನು ಒದಗಿಸಿದ. 1901ರಲ್ಲಿ ತೀರಿಕೊಂಡ. ಸಂಪಾದಕ ಮರ್ರೆ ಅವನಿಗೆ ಅಷ್ಟು ಋಣಿಯಾಗಿದ್ದರೂ ಇಬ್ಬರೂ ಮುಖಾಮುಖಿ ಭೇಟಿಯಾಗಲೇ ಇಲ್ಲ.

ಇಲ್ಲಿ ನನ್ನದೊಂದು ಊಹೆ, ಆಧಾರ ಕೇಳಬಾರದು. ಸಂಸ್ಕೃತದಲ್ಲಿ ‘ಕ್ರಿಯಮಾಣ’ ಎಂಬ ಪದವಿದೆ. ನಮ್ಮ ಹಿರಿಯರು ಕರ್ಮದ ಮಾತು ಬಂದಾಗ ಸಂಚಿತ, ಪ್ರಾರಬ್ಧ, ಕ್ರಿಯಮಾಣ ಎಂದು ಎಣಿಸುವುದನ್ನು ಎಲ್ಲರೂ ಕೇಳಿದ್ದೇವೆ. ಕ್ರಿಯಮಾಣವೆಂದರೆ ಮಾಡಿ ಮುಗಿದದ್ದಲ್ಲ, ಮಾಡುತ್ತಿರುವವನೂ ಅಲ್ಲ, ಈಗ ಮಾಡಲಾಗುತ್ತಿರುವುದು. ವರ್ತಮಾನವೂ ಹೌದು, ಕರ್ಮಣಿಯೂ ಹೌದು. ಮಾತಿಗೆ ಮಾತು ‘ಬೀಯಿಂಗ್ ಡನ್’. ಕಾಶಿಯಲ್ಲಿ ಶಾಸ್ತ್ರಿಗಳ ನಡುವೆ ಯೌವನ ಕಳೆದವನಿಗೆ, ಇಂಥದೊಂದು ರೂಪ ತನ್ನ ಭಾಷೆಯಲ್ಲಿ ಈಗ ತಾನೇ ಹುಟ್ಟಿಕೊಂಡಿದೆಯೆಂದು ಕಂಡಾಗ ಗಾಬರಿಯಾಗಲು ಕಾರಣವೇ ಇರಲಿಲ್ಲ. ನ್ಯೂಯಾರ್ಕಿನ ವೈಟ್ ಅಸಾಧ್ಯವೆಂದದ್ದನ್ನು ಪಾಣಿನಿಯ ನಾಡು ಎಂದೋ ಸೂತ್ರಕ್ಕೆ ಹಾಕಿ ಮುಗಿಸಿತ್ತು.

ಗೆದ್ದವನು ಹಾಲ್. ವೈಟನ ವಾದವನ್ನು ಇಂದು ಯಾರೂ ಎತ್ತುವುದಿಲ್ಲ. ಹಳೆಯ ‘ಹೌಸ್ ಈಸ್ ಬಿಲ್ಡಿಂಗ್’ ಸತ್ತುಹೋಯಿತು; ಅದರ ಮೊಮ್ಮಕ್ಕಳಂಥ ‘ಡಿನ್ನರ್ ಈಸ್ ಕುಕಿಂಗ್’, ಸಿನಿಮಾ ಮಂದಿರದ ಮೇಲಿನ ‘ನೌ ಷೋಯಿಂಗ್’ ಮಾತ್ರ ಅಲ್ಲಲ್ಲಿ ಉಳಿದಿವೆ. ಕನ್ನಡದಲ್ಲಾದರೋ ಈ ವಂಶ ಸುಖವಾಗಿದೆ. “ಪುಸ್ತಕ ಅಚ್ಚಾಗುತ್ತಿದೆ”, “ಅನ್ನ ಬೇಯುತ್ತಿದೆ”, “ಕೆಲಸ ನಡೆಯುತ್ತಿದೆ” ಎನ್ನುತ್ತೇವೆ. ಜಾನ್ಸನ್ ದುಷ್ಟವೆಂದ ದಾರಿಗೆ ಹತ್ತಿರದ ದಾರಿ; ಆದರೆ ‘ಆಗು’ ಎಂಬ ಧಾತು ಕೈಯಲ್ಲಿರುವುದರಿಂದ ಯಾವ ಗೊಂದಲವೂ ಇಲ್ಲ. ಮಾಡುವವರನ್ನು ಹೆಸರಿಸಬೇಕಾಗಿಲ್ಲದಿದ್ದರೆ “ಮನೆ ಕಟ್ಟುತ್ತಿದ್ದಾರೆ” ಎಂದರೆ ಮುಗಿಯಿತು. ಯಾರು ಎಂದು ಯಾರೂ ಕೇಳುವುದಿಲ್ಲ. ಹೀಗಿದ್ದೂ ಇಂಗ್ಲಿಷ್ ತಂತಿಯನ್ನು ಎದುರಿಗಿಟ್ಟುಕೊಂಡು ಬರೆಯುವ ನಮ್ಮವರು ‘ಸೇತುವೆಯು ನಿರ್ಮಿಸಲ್ಪಡುತ್ತಿದೆ’ ಎಂದು ಬರೆಯುವುದನ್ನು ಕಂಡಾಗ, ಮಂಗ ಇಂಗಿನ ಡಬ್ಬಿಯನ್ನೇ ಹೊತ್ತುಕೊಂಡು ಕನ್ನಡದ ಅಡಿಗೆಮನೆಗೆ ನುಗ್ಗಿದ ಹಾಗೆ ನನಗೆ ಅನ್ನಿಸುತ್ತದೆ.

ಅದಿರಲಿ, ಹುಡುಗನ ಜ್ವರಕ್ಕೆ ಬರೋಣ. ‘ಐ ಆ್ಯಮ್ ಹ್ಯಾವಿಂಗ್’, ‘ಐ ಆ್ಯಮ್ ನೋಯಿಂಗ್’ ಎಂಬ ನಮ್ಮವರ ಪ್ರಯೋಗಗಳಿಗೆ ಮಾತೃಭಾಷೆಯ ಪ್ರಭಾವವೇ ಕಾರಣವೆಂದು ತರಬೇತಿಯಲ್ಲಿ ನಮಗೆ ಹೇಳಿಕೊಡುತ್ತಿದ್ದರು. ಪ್ರಭಾವ ಸ್ವಲ್ಪ ಇರಬಹುದು. ಆದರೆ ಇಷ್ಟೇ ಎಂದರೆ ಒಪ್ಪತಕ್ಕ ಮಾತಲ್ಲ. ಕನ್ನಡದಲ್ಲಿ ‘ನನಗೆ ಗೊತ್ತು’ ಎನ್ನುತ್ತೇವೆ. ಬಾಲವೂ ಇಲ್ಲ, ಕಾಲವೂ ಇಲ್ಲ. ‘ಗೊತ್ತಿರುತ್ತಾ ಇದೆ’ ಎಂದು ಯಾವ ಕನ್ನಡ ಮಗುವೂ ಹೇಳಿದ್ದಿಲ್ಲ. ‘ಇಬ್ಬರು ತಮ್ಮಂದಿರಿದ್ದಾರೆ’, ‘ಜ್ವರ ಬಂದಿದೆ’ — ಎಲ್ಲಿದೆ ಇದರಲ್ಲಿ ‘ಇಂಗ್’? ನನಗೆ ತೋರುವ ಇನ್ನೊಂದು ಕಾರಣ ನಾವೇ, ಮೇಷ್ಟರುಗಳು. 1950ರ ದಶಕದಿಂದ ದಕ್ಷಿಣ ದೇಶದಲ್ಲೆಲ್ಲ ಸ್ಟ್ರಕ್ಚರಲ್ ಪದ್ಧತಿ ಎಂಬ ಬೋಧನಾಕ್ರಮ ಬಂತು. ವಾಕ್ಯದ ಅಚ್ಚುಗಳನ್ನು ಒಂದೊ೦ದಾಗಿ ಅಭಿನಯಿಸಿ ಕಲಿಸಬೇಕು. ಅಭಿನಯಕ್ಕೆ ‘ಇಂಗ್’ನಂಥ ರೂಪ ಇನ್ನೊಂದಿಲ್ಲ. ನಾನು ಕೈ ಬೀಸುತ್ತ ಬಾಗಿಲ ಕಡೆಗೆ ನಡೆಯುವುದು, ‘ಐ ಆ್ಯಮ್ ವಾಕಿಂಗ್ ಟು ದಿ ಡೋರ್’ ಎಂದು ಕೂಗುವುದು. ಬಾಗಿಲು ತೆಗೆಯುವುದು, ‘ಐ ಆ್ಯಮ್ ಓಪನಿಂಗ್ ದಿ ಡೋರ್’ ಎಂದು ಕೂಗುವುದು. ಲೋಕದಲ್ಲಿ ಬುದ್ಧಿ ನೆಟ್ಟಗಿರುವ ಯಾರೂ ಬಾಗಿಲಿಗೆ ನಡೆಯುವಾಗ ಹೀಗೆ ಸಾರಿಕೊಂಡು ನಡೆಯುವುದಿಲ್ಲ. ಆದರೆ ನಮ್ಮ ಮಕ್ಕಳ ಕಿವಿಗೆ ಮೊದಲು ಬಿದ್ದ ಇಂಗ್ಲಿಷ್ ಕ್ರಿಯಾಪದಗಳು ಬಾಲಸಹಿತವಾಗಿಯೇ ಬಿದ್ದವು. ಆ ಬಾಲವನ್ನು ಅವರು ಎಲ್ಲ ಕಡೆ ಹಚ್ಚಿದರೆ ತಪ್ಪು ಯಾರದು? ಈ ಪದ್ಧತಿಗೆ ಪ್ರತಿಯಾಗಿ 1979ರಿಂದ 1984ರವರೆಗೆ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಎನ್. ಎಸ್. ಪ್ರಭು ಅವರು ಬೇರೊಂದು ಪ್ರಯೋಗ ನಡೆಸಿದರು; ವ್ಯಾಕರಣದ ಅಚ್ಚನ್ನು ಬದಿಗಿಟ್ಟು, ಮಕ್ಕಳಿಗೆ ಬುದ್ಧಿಗೆ ಕೆಲಸ ಕೊಡುವುದು. ಅದು ಬೇರೆ ಲೇಖನದ ವಿಷಯ.

ಇಂಗ್ಲಿಷರು ದಿನನಿತ್ಯ ಆಡುವುದನ್ನು ಕಿವಿಗೊಟ್ಟು ಕೇಳಿದರೆ ‘ಇಂಗ್’ನ ಒಳಗುಟ್ಟು ‘ಸದ್ಯಕ್ಕೆ’ ಎಂಬುದು. ‘ಹಿ ಈಸ್ ಸಿಲ್ಲಿ’ ಎಂದರೆ ಅವನು ಮಂಗ. ‘ಹಿ ಈಸ್ ಬೀಯಿಂಗ್ ಸಿಲ್ಲಿ’ ಎಂದರೆ ಈಗ ಮಂಗನ ಹಾಗೆ ಆಡುತ್ತಿದ್ದಾನೆ, ಸ್ವಭಾವತಃ ಬುದ್ಧಿವಂತನೇ. ಈ ಪ್ರಯೋಗವೂ ಬಹಳ ಹಳೆಯದಲ್ಲ. ಕವಿ ಕೀಟ್ಸ್ 1819ರ ಕಾಗದವೊಂದರಲ್ಲಿ ತಾನು ಎಷ್ಟು ಶ್ರಮಪಡುತ್ತಿದ್ದೇನೆಂದು ಹೇಳಲು ಇದನ್ನು ಬಳಸಿದ್ದು ಮೊದಮೊದಲ ಉದಾಹರಣೆಗಳಲ್ಲೊಂದು. ನಾನು ಶಿವಮೊಗ್ಗದಲ್ಲಿ ‘ಲಿವ್’. ಮಗನ ಮನೆಯೆಂದು ಬೆಂಗಳೂರಿನಲ್ಲಿ ‘ಲಿವಿಂಗ್’. ಆರು ವರ್ಷವಾಯಿತು, ಬಾಲ ಕಳಚಲು ಮನಸ್ಸು ಬಂದಿಲ್ಲ. ‘ಷಿ ಹ್ಯಾಸ್ ಟು ಚಿಲ್ಡ್ರನ್’ ಎಂದರೆ ಆಕೆಗೆ ಇಬ್ಬರು ಮಕ್ಕಳು. ‘ಷಿ ಈಸ್ ಹ್ಯಾವಿಂಗ್ ಟು ಚಿಲ್ಡ್ರನ್’ ಎಂದು ನಮ್ಮ ಹುಡುಗರು ಬರೆದರೆ ಇಂಗ್ಲಿಷಿನವನು ಅವಳಿಜವಳಿಯ ಸೂಚನೆಯೆಂದು ತಿಳಿದು ಸೂಲಗಿತ್ತಿಗೆ ಹೇಳಿಕಳಿಸಿಯಾನು.

ಈ ಲೆಕ್ಕದಲ್ಲಿ ನೋಡಿದರೆ ಜ್ವರ ಯಾವ ಜಾತಿಗೆ ಸೇರಬೇಕು? ಅದು ತಮ್ಮಂದಿರ ಹಾಗೆ ಹುಟ್ಟಿನಿಂದ ಬಂದ ಸಂಬಂಧವಲ್ಲ, ಗದ್ದೆಯ ಹಾಗೆ ಖಾತೆಯಾದ ಆಸ್ತಿಯಲ್ಲ. ಬರುತ್ತದೆ, ಇರುತ್ತದೆ, ಬಿಡುತ್ತದೆ. ಹಾಗೆ ಬಂದು ಹೋಗುವ ಇತರ ಅನುಭವಗಳಿಗೆ ಇಂಗ್ಲಿಷರೂ ‘ಹ್ಯಾವಿಂಗ್’ ಎಂದೇ ಹೇಳುತ್ತಾರೆ; ತೊಂದರೆಯಾಗುತ್ತಿದ್ದರೆ ‘ಹ್ಯಾವಿಂಗ್ ಟ್ರಬಲ್’, ಎದೆ ಹಿಡಿದುಕೊಂಡರೆ ‘ಹ್ಯಾವಿಂಗ್ ಎ ಹಾರ್ಟ್ ಅಟ್ಯಾಕ್’. ಜ್ವರಕ್ಕೆ ಮಾತ್ರ ‘ಹ್ಯಾವ್’ ಎನ್ನುವುದು ಅವರ ರೂಢಿ. ರೂಢಿಯನ್ನು ಕಲಿಸಬೇಕಾದ್ದು ಮೇಷ್ಟರ ಕೆಲಸ. ಇದನ್ನು ನಾನು ಇಂದಿಗೂ ಅಲ್ಲಗಳೆಯುವುದಿಲ್ಲ. ಆದರೆ ಹುಡುಗ ಮಾಡಿದ್ದು ಮಂಗತನವಲ್ಲ, ತರ್ಕ. ‘ಇಂಗ್’ ಯಾತಕ್ಕೆ ಇದೆಯೋ ಅದಕ್ಕೇ ಅವನು ಅದನ್ನು ಬಳಸಿದ್ದ. ಬಳಕೆ ಅವನ ಕಡೆಗಿರಲಿಲ್ಲ, ಅಷ್ಟೇ. 2003ರಲ್ಲಿ ಮೆಕ್‌ಡೊನಾಲ್ಡ್ಸ್ ಕಂಪನಿಯವರು ಪಟ್ಟಿಯಲ್ಲಿದ್ದ ‘ಲವ್’ ಎಂಬ ಕ್ರಿಯಾಪದಕ್ಕೇ ಬಾಲ ಹಚ್ಚಿ ಲೋಕವೆಲ್ಲ ಸಾರಿದರು. ಬೆಂಗಳೂರಿನಲ್ಲಿ ಆ ಫಲಕವನ್ನು ಮೊದಲು ಕಂಡಾಗ ನನ್ನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಕೆಂಪು ಮಸಿಯ ಪೆನ್ನು ಇರಲಿಲ್ಲ.

ಆ ಹುಡುಗನಿಗೆ ಈಗ ಅರವತ್ತು ದಾಟಿದೆ. ಅಡಿಕೆ ತೋಟ ಮಾಡಿಕೊಂಡಿದ್ದಾನೆ. ಕಳೆದ ವರ್ಷ ಮೊಬೈಲಿಗೆ ಇಂಗ್ಲಿಷಿನಲ್ಲಿ ಸಂದೇಶ ಕಳಿಸಿದ್ದ: ಹೊಸ ಮನೆಯ ಕೆಲಸ ‘ಈಸ್ ಗೋಯಿಂಗ್ ಆನ್’, ವೈಶಾಖದಲ್ಲಿ ಗೃಹಪ್ರವೇಶ, ತಾವು ಬರಲೇಬೇಕು. ‘ಬೀಯಿಂಗ್ ಬಿಲ್ಟ್’ ಎಂದು ಬರೆದಿರಲಿಲ್ಲ. ನಾನು ತಿದ್ದಲೂ ಇಲ್ಲ. ಹೋದೆ. ಊಟವಾದ ಮೇಲೆ ಜಗುಲಿಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುವಾಗ, ನಲವತ್ತೇಳು ವರ್ಷದಿಂದ ಬಾಯಿಗೆ ಬಂದು ಬಂದು ಹಿಂದಕ್ಕೆ ಹೋಗುತ್ತಿದ್ದ ಮಾತನ್ನು ಕೊನೆಗೂ ಆಡಿಬಿಟ್ಟೆ. “ಆವತ್ತು ನೀನು ಜ್ವರದಲ್ಲಿ ಬಂದಿದ್ದೆ ಕಣಯ್ಯಾ. ಮೂರು ಸಲ ರಜಾ ಚೀಟಿ ಬರೆಸಿದೆ. ನಿನ್ನ ಮುಖ ಕೂಡ ನೋಡಲಿಲ್ಲ ನಾನು.”

ಅವನು ಸ್ವಲ್ಪ ಹೊತ್ತು ಯೋಚಿಸಿದ. “ಜ್ವರ ಬಂದು ಬಿದ್ದದ್ದು ನೆನಪಿದೆ ಸಾರ್. ಚೀಟಿದು ಅಷ್ಟು ನೆನಪಿಲ್ಲ” ಎಂದ. ಆಮೇಲೆ ಏನೋ ಹೊಳೆದವನಂತೆ ನಕ್ಕು, ಸುಣ್ಣ ಹಚ್ಚುತ್ತಿದ್ದ ಬೆರಳುಗಳಲ್ಲಿ ಎರಡನ್ನು ಎತ್ತಿ ತೋರಿಸಿದ.

“‘ಸಫರಿಂಗ್’ಗೆ ಎರಡು ಎಫ್ ಅಲ್ಲವಾ ಸಾರ್? ಅದೊಂದು ಮರೆತಿಲ್ಲ ನೋಡಿ.”